ಒಂದೇ ಮಾದರಿ ಸ್ಪರ್ಧೆಗೆ ಯಾವ ಗ್ಲೈಡರ್? ಹಾಸನ–ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರು ಸುತ್ತ ರೇಡಿಯೊ ಗ್ಲೈಡರ್ ಹಾರಿಸುವವರೆಲ್ಲ ಒಂದೇ ಮಾದರಿಯಲ್ಲಿ ಪೈಪೋಟಿಗೆ ಇಳಿಯುವ ವರ್ಗವೊಂದು ಬೇಕು ಎಂಬ ಮಾತು ಶುರುವಾದಾಗಿನಿಂದ ಮೈದಾನದಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯ ಧಾರಾಳವಾಗಿದೆ. ಒಪ್ಪದವರು ವಾದಕ್ಕೆ ಬರಬೇಕು ಎಂಬುದೇ ನನ್ನ ಆಸೆ.

## ಮೊದಲ ಪರಿಚಯ

ಎಲ್ರೂ ಒಂದೇ ಥರದ ಗ್ಲೈಡರ್ ಹಾರಿಸಿದ್ರೆ ಅದರಲ್ಲಿ ಸ್ಪರ್ಧೆ ಎಲ್ಲಿ ಬಂತು?

ಸ್ಪರ್ಧೆ ಇರುವುದೇ ಅಲ್ಲಿ. ಜಾತ್ರೆಯಲ್ಲಿ ಎಲ್ಲರಿಗೂ ಒಂದೇ ಗುಂಡುಕಲ್ಲು ಎತ್ತಲು ಕೊಡುತ್ತಾರಲ್ಲ, ಹಾಗೆ. ಗ್ಲೈಡರ್ ಒಂದೇ ಆದಾಗ ಗೆಲುವು ಸೋಲನ್ನು ತೀರ್ಮಾನಿಸುವುದು ಹಾರಿಸುವವರ ಕಣ್ಣು ಮತ್ತು ತಾಳ್ಮೆ. ಬಿಸಿಗಾಳಿ ಎಲ್ಲಿ ಏಳುತ್ತಿದೆ, ಹದ್ದು ಯಾವ ಕಡೆ ಸುತ್ತು ಹಾಕುತ್ತಿದೆ, ಈ ಥರ್ಮಲ್ (ಮೇಲೇಳುವ ಬಿಸಿಗಾಳಿಯ ಕಂಬ) ಬಿಟ್ಟು ಮುಂದಿನದಕ್ಕೆ ಯಾವಾಗ ಹೋಗಬೇಕು ಎಂಬುದನ್ನು ಯಾರು ಚೆನ್ನಾಗಿ ಅರಿತರೋ ಅವರು ಗೆಲ್ಲುತ್ತಾರೆ. ಹಾಯಿದೋಣಿ ಸ್ಪರ್ಧೆಗಳಲ್ಲಿ ಈ ಪದ್ಧತಿ ಬಹಳ ಹಳೆಯದು. ಗ್ಲೈಡರ್‌ಗಳಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಇಲ್ಲಿ ಎಲ್ಲರಿಗೂ ಸಿಗುವ ಇಂಧನವೂ ಒಂದೇ ಆಕಾಶದ ಗಾಳಿ.

ಮೋಟರ್ ಇಲ್ದೆ ಅಷ್ಟು ಹೊತ್ತು ಮೇಲೆ ಹೇಗೆ ಇರುತ್ತೆ?

ಗ್ಲೈಡರ್ ತನ್ನ ಸುತ್ತಲಿನ ಗಾಳಿಯಲ್ಲಿ ಯಾವಾಗಲೂ ಕೆಳಗೇ ಇಳಿಯುತ್ತಿರುತ್ತದೆ. ಎರಡು ಮೀಟರ್ ರೆಕ್ಕೆಯ ಹಗುರ ಮಾದರಿ ಸೆಕೆಂಡಿಗೆ ಸುಮಾರು 0.45 ಮೀಟರ್ ಇಳಿಯುತ್ತದೆ ಎನ್ನಿ. ಆ ಗಾಳಿಯೇ ಸೆಕೆಂಡಿಗೆ ಒಂದು ಮೀಟರ್ ಮೇಲೇಳುತ್ತಿದ್ದರೆ ಗ್ಲೈಡರ್ ನೆಲದಿಂದ ದೂರ ಹೋಗುತ್ತದೆ. ಥರ್ಮಲ್ ಸಿಗದಿದ್ದರೆ 80 ಮೀಟರ್ ಎತ್ತರದಿಂದ ಮೂರು ನಿಮಿಷದೊಳಗೆ ನೆಲ ಮುಟ್ಟುತ್ತದೆ. ಆರು ನಿಮಿಷ ಹಾರಬೇಕೆಂಬ ಗುರಿ ಇಟ್ಟರೆ ಗಾಳಿಯನ್ನು ಓದದೆ ಬೇರೆ ದಾರಿಯಿಲ್ಲ ಎಂಬುದು ಈ ಸಣ್ಣ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಅವರವರ ಹತ್ರ ಇರೋದನ್ನೇ ತಂದು ಹಾರಿಸಲಿ, ಹ್ಯಾಂಡಿಕ್ಯಾಪ್ ಕೊಟ್ಟು ಸರಿದೂಗಿಸಿದ್ರೆ ಆಗಲ್ವಾ?

ಮನುಷ್ಯರು ಕೂತು ಹಾರಿಸುವ ದೊಡ್ಡ ಗ್ಲೈಡರ್‌ಗಳ ಕ್ಲಬ್ ಕ್ಲಾಸ್ ಎಂಬ ವರ್ಗ ಹಾಗೆಯೇ, ಒಂದೊಂದು ಮಾದರಿಗೂ ಅದರ ಸಾಮರ್ಥ್ಯಕ್ಕೆ ತಕ್ಕ ಅಂಕಿ ಕೊಟ್ಟು ಫಲಿತಾಂಶ ಸರಿದೂಗಿಸಿ ನಡೆಯುತ್ತದೆ, ಚೆನ್ನಾಗಿಯೂ ನಡೆಯುತ್ತದೆ. ಆದರೆ ಅಲ್ಲಿ ಒಂದೊಂದು ಮಾದರಿಯ ಬಗ್ಗೆ ದಶಕಗಳ ಅಳತೆ, ಸಾವಿರಾರು ಹಾರಾಟಗಳ ದಾಖಲೆ ಇದೆ. ನಮ್ಮಲ್ಲಿ ಒಬ್ಬರ ಬಳಿ ಪೂರ್ತಿ ಕಾರ್ಬನ್‌ನ ನಾಲ್ಕು ಮೀಟರ್ ಯಂತ್ರ, ಇನ್ನೊಬ್ಬರ ಬಳಿ ಮನೆಯಲ್ಲೇ ಅಂಟಿಸಿದ ಒಂದೂವರೆ ಮೀಟರ್ ಫೋಮ್. ಇವೆರಡರ ನಡುವೆ ನ್ಯಾಯವಾದ ಅಂಕಿ ಕೊಡಲು ಯಾರಿಂದಲೂ ಆಗದು. ಕೊಟ್ಟರೆ ಸ್ಪರ್ಧೆಯ ದಿನವೆಲ್ಲ ಆ ಅಂಕಿಯ ಜಗಳದಲ್ಲೇ ಕಳೆಯುತ್ತದೆ.

## ಹಿಂದಿನವರು ಮಾಡಿದ್ದು

ಇಂಥದ್ದನ್ನ ಯಾರಾದ್ರೂ ಮೊದಲು ಮಾಡಿದಾರಾ? ಅವರು ಹೇಗೆ ಆರಿಸಿದ್ರು?

ಮಾಡಿದ್ದಾರೆ. ಮೂರು ಕತೆಗಳನ್ನು ತಿಳಿದುಕೊಂಡರೆ ನಮ್ಮ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು 1940ರ ಒಲಿಂಪಿಕ್ಸ್‌ನದು. ಆ ಕ್ರೀಡಾಕೂಟದಲ್ಲಿ ಗ್ಲೈಡಿಂಗ್ ಕೂಡ ಇರಬೇಕಿತ್ತು, ಎಲ್ಲ ದೇಶದವರೂ ಒಂದೇ ಮಾದರಿ ಹಾರಿಸಬೇಕಿತ್ತು. ಷರತ್ತುಗಳು ನೇರ: 15 ಮೀಟರ್ ರೆಕ್ಕೆ, ಸರಳವಾದ ಕಟ್ಟಡ, ಯಾವ ದೇಶದ ಬಡಗಿಯೂ ನಕ್ಷೆ ನೋಡಿ ಮಾಡಬಹುದಾದಂಥದ್ದು. 1939ರ ಫೆಬ್ರವರಿಯಲ್ಲಿ ಇಟಲಿಯ ಸೆಜ್ಜೆ ಎಂಬಲ್ಲಿ ಬೇರೆ ಬೇರೆ ದೇಶಗಳ ಪೈಲಟ್‌ಗಳು ಸ್ಪರ್ಧೆಗೆ ಬಂದ ಮಾದರಿಗಳನ್ನು ಹಾರಿಸಿ ನೋಡಿದರು. ಆಯ್ಕೆಯಾದದ್ದು ಜರ್ಮನಿಯ ಹಾನ್ಸ್ ಯಾಕೋಬ್ಸ್ ವಿನ್ಯಾಸಗೊಳಿಸಿದ ಮೈಜೆ. ಮಹಾಯುದ್ಧ ಬಂದು ಒಲಿಂಪಿಕ್ಸ್ ನಡೆಯಲೇ ಇಲ್ಲ. ಗ್ಲೈಡರ್ ಮಾತ್ರ ಉಳಿಯಿತು: ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಒಲಿಂಪಿಯಾ ಎಂದು, ಫ್ರಾನ್ಸಿನಲ್ಲಿ ನಾರ್ಡ್ 2000 ಎಂದು ತಯಾರಾಯಿತು. ಕೈಯಲ್ಲಿ ಒಳ್ಳೆಯ ನಕ್ಷೆ ಇದ್ದರೆ ಅದನ್ನು ಆರಿಸಿದ ಕಾರಣ ಇಲ್ಲವಾದ ಮೇಲೂ ಮಾದರಿ ಬದುಕುತ್ತದೆ.

ಎರಡನೆಯದು ಅಮೆರಿಕದ ಶ್ವೈಟ್ಜರ್ 1-26. ಮೊದಲು ಹಾರಿದ್ದು 1954ರಲ್ಲಿ. ರೆಕ್ಕೆ ಕೇವಲ 12.2 ಮೀಟರ್, ಗ್ಲೈಡ್ ಅನುಪಾತ ಸುಮಾರು 23. ಅಂದರೆ ಒಂದು ಕಿಲೋಮೀಟರ್ ಎತ್ತರದಿಂದ 23 ಕಿಲೋಮೀಟರ್ ದೂರ. ಅದರ ಕಾಲಕ್ಕೇ ಇದು ದೊಡ್ಡ ಸಾಧನೆಯೇನಲ್ಲ. ಆದರೂ 700ಕ್ಕೆ ಹತ್ತಿರ ತಯಾರಾದವು. ಕಿಟ್ ಆಗಿಯೂ ಸಿಗುತ್ತಿದ್ದರಿಂದ ಮನೆಯಲ್ಲಿ ಕಟ್ಟಿಕೊಂಡವರೂ ಇದ್ದರು. ಅದಕ್ಕೇ ಮೀಸಲಾದ ಸಂಘ, ಅದಕ್ಕೇ ಮೀಸಲಾದ ಚಾಂಪಿಯನ್‌ಶಿಪ್ ಹುಟ್ಟಿಕೊಂಡವು. ಯಾವ ಸಮಿತಿಯೂ ಅದನ್ನು ಆರಿಸಲಿಲ್ಲ. ಜನರ ಕೈಯಲ್ಲಿ ಮೊದಲೇ ಇತ್ತು, ವರ್ಗ ಅದರ ಸುತ್ತ ಬೆಳೆಯಿತು.

ಮೂರನೆಯದು ವರ್ಲ್ಡ್ ಕ್ಲಾಸ್. ಅಂತರರಾಷ್ಟ್ರೀಯ ಗ್ಲೈಡಿಂಗ್ ಆಯೋಗ 1989ರಲ್ಲಿ ವಿನ್ಯಾಸ ಸ್ಪರ್ಧೆ ಘೋಷಿಸಿತು: ಅಗ್ಗವಾಗಿರಬೇಕು, ಹೊಸಬರ ಕೈಗೂ ಸುರಕ್ಷಿತವಾಗಿರಬೇಕು, ಎಲ್ಲ ಕಡೆ ತಯಾರಿಸಲು ಆಗಬೇಕು. 1992ರಲ್ಲಿ ಜರ್ಮನಿಯ ಓರ್ಲಿಂಗ್‌ಹೌಸನ್‌ನಲ್ಲಿ ಪ್ರೋಟೊಟೈಪ್‌ಗಳನ್ನು ಹಾರಿಸಿ ನೋಡಲಾಯಿತು. ಜೆಕ್ ಎಲ್-33, ರಷ್ಯಾದ ಎಸಿ-4ನಂಥವನ್ನು ಹಿಂದಿಕ್ಕಿ ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪಿಡಬ್ಲ್ಯೂ-5 ಗೆದ್ದಿತು. 13.44 ಮೀಟರ್ ರೆಕ್ಕೆ, ಗ್ಲೈಡ್ ಅನುಪಾತ ಸುಮಾರು 32. 1997ರಲ್ಲಿ ಟರ್ಕಿಯ ವಿಶ್ವ ವಾಯು ಕ್ರೀಡೆಗಳಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಪಿಡಬ್ಲ್ಯೂ-5 ವರ್ಗ ಈಗ ಇಲ್ವಲ್ಲ. ಅಷ್ಟು ದೊಡ್ಡವರು ಆರಿಸಿದ್ದೇ ನಿಲ್ಲಲಿಲ್ಲ ಅಂದ್ಮೇಲೆ ನಮ್ಮದು ನಿಲ್ಲುತ್ತಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಋಣಿ. ಇಡೀ ಚರ್ಚೆಯಲ್ಲಿ ಇದೇ ಮುಖ್ಯವಾದದ್ದು.

ಪಿಡಬ್ಲ್ಯೂ-5 ಕೆಟ್ಟ ಗ್ಲೈಡರ್ ಅಲ್ಲ. ಹೇಳಿದ ಷರತ್ತುಗಳನ್ನೆಲ್ಲ ಪೂರೈಸಿತ್ತು. ಅದಕ್ಕೆ ಎದುರಾದದ್ದು ಬಳಸಿದ ಗ್ಲೈಡರ್‌ಗಳ ಮಾರುಕಟ್ಟೆ. ಯುರೋಪಿನ ಪೈಲಟ್‌ಗೆ ಹೊಸ ಪಿಡಬ್ಲ್ಯೂ-5ಗೆ ಕೊಡಬೇಕಾದ ಹಣದಲ್ಲೇ 15 ಮೀಟರ್‌ನ ಹಳೆಯ ಫೈಬರ್‌ಗ್ಲಾಸ್ ಗ್ಲೈಡರ್ ಸಿಗುತ್ತಿತ್ತು, ಅದರ ಗ್ಲೈಡ್ ಅನುಪಾತ ಇನ್ನೂ ಹೆಚ್ಚು. ಜೊತೆಗೆ ಕ್ಲಬ್ ಕ್ಲಾಸ್‌ನಲ್ಲಿ ಸ್ಪರ್ಧಿಸುವ ಅವಕಾಶವೂ ಇತ್ತು. ಮನಸ್ಸು ಆ ಕಡೆ ಹೋದದ್ದು ಸಹಜ. ಹಲವರಿಗೆ ಅದರ ಮೋಟುಮೋಟಾದ ರೂಪವೂ ಹಿಡಿಸಲಿಲ್ಲ. ಗ್ಲೈಡರ್ ಕೊಳ್ಳುವಲ್ಲಿ ಅಂದದ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಅಂಕಿಗಳ ಷರತ್ತು ಹಿಡಿಯಲಾರದು. ಕೊನೆಗೆ ಅದರ ಜಾಗಕ್ಕೆ 13.5 ಮೀಟರ್ ವರ್ಗ ಬಂತು. ಆ ವರ್ಗದ ಮೊದಲ ವಿಶ್ವ ಸ್ಪರ್ಧೆ 2015ರಲ್ಲಿ ಲಿಥುವೇನಿಯಾದಲ್ಲಿ ನಡೆಯಿತು.

ಆದ್ದರಿಂದ ನಾವು ಕೇಳಿಕೊಳ್ಳಬೇಕಾದದ್ದು: ಅರಸೀಕೆರೆಯ ಒಬ್ಬ ಹುಡುಗ ಅಷ್ಟೇ ಹಣದಲ್ಲಿ ಬೇರೆ ಏನು ಕೊಳ್ಳಬಹುದು? ಆ ಬೇರೆಯದಕ್ಕಿಂತ ನಾವು ಆರಿಸಿದ್ದು ಅವನಿಗೆ ಹೆಚ್ಚು ಇಷ್ಟವಾಗಬೇಕು. ವರ್ಗದ ನಿಯಮವೆಂಬ ಕಾರಣಕ್ಕಷ್ಟೇ ಕೊಳ್ಳಬೇಕಾದ ಗ್ಲೈಡರ್ ಬೇಡ. ಸ್ಪರ್ಧೆ ಇಲ್ಲದ ಭಾನುವಾರವೂ ಕೈಗೆತ್ತಿಕೊಳ್ಳಬೇಕು ಅನ್ನಿಸುವಂಥದ್ದು ಬೇಕು.

## ಆಯ್ಕೆ

ಸುತ್ತಿ ಬಳಸಿ ಬೇಡ, ನೇರ ಹೇಳಿ. ಯಾವ ಗ್ಲೈಡರ್?

ಎರಡು ಮೀಟರ್ ರೆಕ್ಕೆ, ಮರದ ಕಟ್ಟಡ, ಎಡ–ಬಲ ತಿರುಗಿಸುವ ರಡ್ಡರ್, ಮೂಗು ಎತ್ತಿ ಇಳಿಸುವ ಎಲಿವೇಟರ್, ರೆಕ್ಕೆಯ ಮೇಲೆ ಎದ್ದು ಗ್ಲೈಡರ್ ಅನ್ನು ಕೆಳಗಿಳಿಸುವ ಸ್ಪಾಯ್ಲರ್ ಮೂರೇ ನಿಯಂತ್ರಣ, ಬಂಜಿಯಲ್ಲಿ (ಎಳೆದು ಬಿಡುವ ರಬ್ಬರ್ ಹಗ್ಗದಲ್ಲಿ) ಲಾಂಚ್, ಬಿಚ್ಚಿಟ್ಟ ನಕ್ಷೆ. ಜರ್ಮನಿಯಲ್ಲಿ ಬೆಳೆದು ಅಂತರರಾಷ್ಟ್ರೀಯ ಪಟ್ಟಿಗೂ ಸೇರಿದ ಆರ್‌ಇಎಸ್ (ಈ ಮೂರು ನಿಯಂತ್ರಣಗಳ ಇಂಗ್ಲಿಷ್ ಮೊದಲಕ್ಷರಗಳು) ವರ್ಗದ ಚೌಕಟ್ಟು ಇದೇ. ಅಲ್ಲಿ ಆ ಚೌಕಟ್ಟಿನೊಳಗೆ ಯಾರು ಯಾವ ವಿನ್ಯಾಸವನ್ನಾದರೂ ತರಬಹುದು; ನಾವು ಒಂದು ಹೆಜ್ಜೆ ಮುಂದೆ ಹೋಗಿ ಒಂದೇ ನಕ್ಷೆಗೆ ಕಟ್ಟಿಹಾಕೋಣ ಎಂಬುದು ನನ್ನ ಸಲಹೆ. ಹೀಗೆ ಮಾಡಿದರೆ ನಮ್ಮ ಹುಡುಗರು ಮುಂದೆ ಹೊರಗಿನ ಆರ್‌ಇಎಸ್ ಸ್ಪರ್ಧೆಗೂ ಇದೇ ಗ್ಲೈಡರ್ ಹಿಡಿದು ಹೋಗಬಹುದು.

ನಕ್ಷೆಗಾಗಿ ದೂರ ಹುಡುಕಬೇಕಿಲ್ಲ. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಮಾರ್ಕ್ ಡ್ರೇಲಾ ಎರಡು ಮೀಟರ್‌ನ ಅಲೆಗ್ರೊ-ಲೈಟ್ ಗ್ಲೈಡರ್‌ನ ನಕ್ಷೆಯನ್ನು ಹವ್ಯಾಸಿಗಳ ಮುಂದೆ ತೆರೆದಿಟ್ಟಿದ್ದಾರೆ. ಅವರ ಎಜಿ ಸರಣಿಯ ರೆಕ್ಕೆ ಅಡ್ಡಕೊಯ್ತಗಳು (ರೆಕ್ಕೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರಗಳು) ಇಂಥ ಸಣ್ಣ, ನಿಧಾನದ ಗ್ಲೈಡರ್‌ಗಳಿಗೆಂದೇ ಮಾಡಿದವು. ಅದನ್ನೇ ಆಧಾರವಾಗಿಟ್ಟುಕೊಂಡು, ನಮ್ಮಲ್ಲಿ ಸಿಗುವ ಮರಕ್ಕೆ ತಕ್ಕಂತೆ ಸರಳಗೊಳಿಸಿದರೆ ಸಾಕು.

ಆನ್‌ಲೈನಲ್ಲಿ ಫೋಮ್ ಗ್ಲೈಡರ್ ರೆಡಿಮೇಡ್ ಸಿಗುತ್ತಲ್ಲ. ಬಾಕ್ಸ್ ತೆಗೆದು ಹಾರಿಸೋದು ಬಿಟ್ಟು ಮರ ಕೊರೆಯೋದು ಯಾಕೆ?

ಫೋಮ್ ಬಗ್ಗೆ ನನಗೆ ತಕರಾರಿಲ್ಲ. ಕಲಿಯಲು ಅದೇ ವಾಸಿ. ಅಮೆರಿಕದಲ್ಲಿ ರೇಡಿಯನ್ ಎಂಬ ಎರಡು ಮೀಟರ್ ಫೋಮ್ ಗ್ಲೈಡರ್‌ಗೆ ಮಾತ್ರ ಮೀಸಲಾದ ಸ್ಪರ್ಧೆಗಳನ್ನು ನಡೆಸಿ, ಅದರಿಂದ ಬಹಳ ಹೊಸಬರನ್ನು ಸೆಳೆದಿದ್ದಾರೆ. ನಮ್ಮಲ್ಲಿ ಅದು ಒಪ್ಪದಿರಲು ಎರಡು ಕಾರಣ.

ಒಂದು, ಆಮದು. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಡ್ರೋನ್‌ಗಳ ಆಮದನ್ನು ನಿಷೇಧಿಸಿತು; ಪೂರ್ತಿ ಜೋಡಿಸಿದ್ದಿರಲಿ, ಬಿಡಿಭಾಗಗಳ ಕಿಟ್ ರೂಪದಲ್ಲಿರಲಿ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಬಿಡಿ ಘಟಕಗಳು ಬರಬಹುದು. ರಿಮೋಟಿನಲ್ಲಿ ಹಾರುವ ಗ್ಲೈಡರ್‌ನ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಯಾವ ಕಣ್ಣಿಗೆ ಬೀಳುತ್ತದೆ ಎಂಬ ಅನಿಶ್ಚಿತತೆಯ ಮೇಲೆ ಇಡೀ ವರ್ಗವನ್ನು ಕಟ್ಟಬಾರದು. ಸರ್ವೋ (ನಿಯಂತ್ರಣಗಳನ್ನು ಅಲ್ಲಾಡಿಸುವ ಪುಟ್ಟ ಮೋಟರ್), ರಿಸೀವರ್ ಬೇರೆ ಬೇರೆಯಾಗಿ ತರಿಸಿಕೊಂಡು, ಮೈಯನ್ನು ಇಲ್ಲೇ ಕಟ್ಟುವುದು ಗಟ್ಟಿ ದಾರಿ.

ಎರಡು, ಕಂಪನಿ ಆ ಮಾದರಿಯನ್ನು ನಿಲ್ಲಿಸಿಬಿಟ್ಟರೆ ನಮ್ಮ ವರ್ಗವೂ ಅಂದೇ ನಿಲ್ಲುತ್ತದೆ. ಹೊಸ ಆವೃತ್ತಿ ಎಂದು ರೆಕ್ಕೆ ಬದಲಿಸಿದರೂ ಕೇಳುವ ಹಕ್ಕು ನಮಗಿಲ್ಲ. ನಕ್ಷೆ ನಮ್ಮದಾದರೆ ಮುರಿದ ರಿಬ್ (ರೆಕ್ಕೆಯ ಪಕ್ಕೆಲುಬು) ಒಂದನ್ನು ಹಾಸನದಲ್ಲೇ ಕತ್ತರಿಸಿಕೊಳ್ಳಬಹುದು.

ಮಲೆನಾಡಲ್ಲಿ ಮಳೆಗಾಲ ಪೂರ್ತಿ ತೇವ. ಬಾಲ್ಸಾ ಸೊಟ್ಟ ಆಗಲ್ವಾ?

ಆಗುತ್ತದೆ. ಮೂಡಿಗೆರೆ, ಸಕಲೇಶಪುರ ಕಡೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಾಲ್ಸಾ ಬಹಳ ಹಗುರವಾದ ಮರ; ತೇವ ಹೀರಿ ಒಣಗುವಾಗ ಅದರ ತೆಳು ಹಾಳೆಗಳು ತಿರುಚಿಕೊಳ್ಳುತ್ತವೆ. ಒಂದು ರೆಕ್ಕೆತುದಿ ಕೆಲವೇ ಡಿಗ್ರಿ ತಿರುಚಿದರೂ ಗ್ಲೈಡರ್ ಸದಾ ಒಂದೇ ಕಡೆ ಎಳೆಯುತ್ತದೆ. ಅದಕ್ಕೇ ನಕ್ಷೆಯಲ್ಲೇ ಪರಿಹಾರ ಇರಬೇಕು. ಮುಖ್ಯ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಮತ್ತು ಬಾಲದ ಬೂಮ್ (ಬಾಲವನ್ನು ಹೊರುವ ಕೋಲು) ಕಾರ್ಬನ್ ಕೊಳವೆಯದಾಗಲಿ. ಬಾಗುವ ಬಲ ಹೊರುವ ಭಾಗ ತೇವಕ್ಕೆ ಜಗ್ಗುವುದಿಲ್ಲ. ರೆಕ್ಕೆಯ ಮುಂದಿನ ಭಾಗವನ್ನು ಮೇಲೆ ಕೆಳಗೆ ತೆಳು ಹಾಳೆಯಿಂದ ಮುಚ್ಚಿ ಪೆಟ್ಟಿಗೆಯಂತೆ ಮಾಡಿದರೆ ತಿರುಚು ತಡೆಯುತ್ತದೆ. ಫಿಲ್ಮ್ ಹೊದಿಸುವ ಮುನ್ನ ಮರಕ್ಕೆ ಒಂದು ಕೈ ತೆಳು ವಾರ್ನಿಷ್. ಮಳೆಗಾಲದಲ್ಲಿ ರೆಕ್ಕೆಯನ್ನು ಗೋಡೆಗೆ ಒರಗಿಸಿಡದೆ ಮಟ್ಟಸವಾದ ಹಲಗೆಯ ಮೇಲೆ ಮಲಗಿಸಿಡಿ. ಸೊಟ್ಟಗಾದ ರೆಕ್ಕೆಯನ್ನು ಉಲ್ಟಾ ತಿರುಚಿ ಹಿಡಿದು ಹೇರ್ ಡ್ರೈಯರ್‌ನಿಂದ ಫಿಲ್ಮ್ ಬಿಗಿಗೊಳಿಸಿದರೆ ಬಹುಪಾಲು ನೆಟ್ಟಗಾಗುತ್ತದೆ.

ನಮ್ಮೂರು ಸಮುದ್ರಮಟ್ಟದಿಂದ ಇಷ್ಟು ಮೇಲಿದೆ. ಗ್ಲೈಡರ್ ಆಯ್ಕೆಗೆ ಅದು ಲೆಕ್ಕಕ್ಕೆ ಬರುತ್ತಾ?

ಬರುತ್ತದೆ, ಜನ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ. ಹಾಸನ ಸುಮಾರು 970 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತ ಮೇಲೆ, ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಲು ಅದನ್ನು ಇನ್ನೂ ತೆಳುಗೊಳಿಸುತ್ತದೆ. 34 ಡಿಗ್ರಿ ಸೆಲ್ಸಿಯಸ್‌ನ ಏಪ್ರಿಲ್ ಮಧ್ಯಾಹ್ನ ಹಾಸನದ ಗಾಳಿಯ ಸಾಂದ್ರತೆ, ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ಶೇ 16 ಕಡಿಮೆ. ಗ್ಲೈಡರ್ ತೇಲಲು ಬೇಕಾದ ವೇಗ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುವುದರಿಂದ ಅದೇ ಮಾದರಿ ಇಲ್ಲಿ ಶೇ 9ರಷ್ಟು ಹೆಚ್ಚು ವೇಗದಲ್ಲಿ ಹಾರಬೇಕಾಗುತ್ತದೆ, ಅಷ್ಟೇ ಹೆಚ್ಚು ವೇಗದಲ್ಲಿ ನೆಲಕ್ಕೆ ಬರುತ್ತದೆ, ಸುತ್ತು ವೇಗದ ವರ್ಗಕ್ಕೆ ತಕ್ಕಂತೆ ಹಿಗ್ಗುವುದರಿಂದ ಸುಮಾರು ಶೇ 20ರಷ್ಟು ದೊಡ್ಡ ಸುತ್ತು ಹಾಕುತ್ತದೆ. ಸಣ್ಣ ಥರ್ಮಲ್ಲಿನೊಳಗೆ ಉಳಿಯುವುದು ಕಷ್ಟವಾಗುತ್ತದೆ.

ಹಾಗಾಗಿ ಕರಾವಳಿಯಲ್ಲಿ ಚೆನ್ನಾಗಿ ಹಾರಿದ ಗ್ಲೈಡರ್ ಇಲ್ಲಿ ತುಸು ಭಾರವೆನಿಸುತ್ತದೆ. ನಮಗೆ ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ 12 ಗ್ರಾಂ ಆಸುಪಾಸಿನ ಹೊರೆ ಹಿತ. ಎರಡು ಮೀಟರ್ ಉದ್ದ, ಸರಾಸರಿ 19 ಸೆಂಟಿಮೀಟರ್ ಅಗಲದ ರೆಕ್ಕೆಗೆ 38 ಚದರ ಡೆಸಿಮೀಟರ್ ವಿಸ್ತೀರ್ಣ ಸಿಗುತ್ತದೆ. ಒಟ್ಟು ತೂಕ 450 ಗ್ರಾಂ ಇದ್ದರೆ ಲೆಕ್ಕ ಸರಿಹೋಗುತ್ತದೆ.

ಮೋಟರ್ ಇಟ್ಟುಬಿಟ್ರೆ ಸುಲಭ ಅಲ್ವಾ? ಬಂಜಿ ಎಳೆಯೋಕೆ ಜಾಗ ಎಲ್ಲಿದೆ?

ಮೋಟರ್ ಸುಲಭ ನಿಜ. ಆದರೆ ಮೋಟರ್, ಸ್ಪೀಡ್ ಕಂಟ್ರೋಲರ್, ಲಿಪೊ ಬ್ಯಾಟರಿ, ನಿಗದಿತ ಎತ್ತರದಲ್ಲಿ ಮೋಟರ್ ನಿಲ್ಲಿಸುವ ಉಪಕರಣ ಎಲ್ಲ ಸೇರಿದರೆ ಖರ್ಚು ಮೈಯ ಖರ್ಚನ್ನು ಮೀರುತ್ತದೆ, ಯಾರ ಮೋಟರ್ ಎಷ್ಟು ಜೋರು ಎಂಬ ಪೈಪೋಟಿ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಆರ್‌ಇಎಸ್ ಪದ್ಧತಿಯಲ್ಲಿ 15 ಮೀಟರ್ ರಬ್ಬರ್, 100 ಮೀಟರ್ ದಾರ. ಆಯೋಜಕರೇ ಒಂದೇ ಥರದ ಬಂಜಿಗಳನ್ನು ಹಾಕಿಕೊಟ್ಟರೆ ಲಾಂಚ್ ಕೂಡ ಎಲ್ಲರಿಗೂ ಸಮ. ಎಳೆದಾಗಿನ ಉದ್ದವೂ ಸೇರಿ ಗಾಳಿಗೆ ಎದುರಾಗಿ 200 ಮೀಟರ್ ಬಯಲು ಸಾಕು. ರಾಗಿ ಕೊಯ್ಲಾದ ಹೊಲ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಅರಸೀಕೆರೆ, ಕಡೂರು ಕಡೆ ಬೇಕಾದಷ್ಟಿವೆ. ತೋಟದ ನಡುವೆ ಇರುವ ಗೆಳೆಯರಿಗೆ ಅಭ್ಯಾಸಕ್ಕೆ ಮೂಗಿನಲ್ಲಿ ಮೋಟರ್ ಕೂರಿಸಲು ನಕ್ಷೆಯಲ್ಲಿ ಜಾಗ ಬಿಡೋಣ, ಸ್ಪರ್ಧೆಗೆ ಬೇಡ.

ಎರಡು ಮೂರು ನಕ್ಷೆ ಮುಂದಿದ್ರೆ ಕೊನೆಗೆ ತೀರ್ಮಾನ ಹೇಗೆ? ಕೈ ಎತ್ತಿಸೋದಾ?

ಕೈ ಎತ್ತಿಸಿದರೆ ಫೋಟೊದಲ್ಲಿ ಚೆನ್ನಾಗಿ ಕಾಣುವುದು ಗೆಲ್ಲುತ್ತದೆ. ಪ್ರತಿ ನಕ್ಷೆಯಿಂದ ಒಂದೊಂದನ್ನು ಕಟ್ಟಿ, ಒಂದೇ ದಿನ, ಒಂದೇ ಮೈದಾನದಲ್ಲಿ ಹಾರಿಸಿ ನೋಡಬೇಕು. ಹಾರಿಸುವವರಲ್ಲಿ ಪಳಗಿದವರು ಇರಲಿ, ಈಗಷ್ಟೇ ಕಲಿತವರು ಅದಕ್ಕಿಂತ ಹೆಚ್ಚು ಇರಲಿ. ಪಳಗಿದವರ ಕೈಯಲ್ಲಿ ಎಲ್ಲವೂ ಚೆನ್ನಾಗಿಯೇ ಹಾರುತ್ತವೆ. ಹೊಸಬರು ಸುತ್ತಿನ ನಡುವೆ ವೇಗ ಕಳೆದುಕೊಂಡಾಗ ಗ್ಲೈಡರ್ ಮೂಗು ತಗ್ಗಿಸಿ ತಾನಾಗಿ ಸುಧಾರಿಸಿಕೊಳ್ಳುತ್ತದೆಯೋ, ರೆಕ್ಕೆ ಮಗುಚಿ ಸ್ಪಿನ್‌ಗೆ (ಬುಗುರಿಯಂತೆ ಸುತ್ತುತ್ತಾ ಬೀಳುವುದಕ್ಕೆ) ಬೀಳುತ್ತದೆಯೋ ಎಂಬುದೇ ನೋಡಬೇಕಾದದ್ದು.

ಇನ್ನೊಂದು ಪರೀಕ್ಷೆಯನ್ನು ನಾನು ಹಟ ಹಿಡಿದು ಮಾಡಿಸುತ್ತೇನೆ: ಪ್ರತಿ ಮಾದರಿಯ ರೆಕ್ಕೆಯ ಒಂದು ಭಾಗವನ್ನು ಬೇಕೆಂದೇ ಮುರಿದು, ಕಟ್ಟಿದವರಲ್ಲದ ಬೇರೆಯವರಿಗೆ ರಿಪೇರಿಗೆ ಕೊಡುವುದು. ಒಂದು ಸಂಜೆಯಲ್ಲಿ ಸರಿಯಾಗದಿದ್ದರೆ ಆ ನಕ್ಷೆ ಎಷ್ಟು ಚೆನ್ನಾಗಿ ಹಾರಿದರೂ ನಮ್ಮ ವರ್ಗಕ್ಕಲ್ಲ.

## ನಿಯಮ

ಯಾವುದನ್ನ ಬಿಗಿ ಹಿಡೀಬೇಕು, ಯಾವುದನ್ನ ಸಡಿಲ ಬಿಡಬೇಕು?

ಗಾಳಿ ಮುಟ್ಟುವುದನ್ನೆಲ್ಲ ಬಿಗಿ ಹಿಡಿಯಿರಿ, ಒಳಗಿರುವುದನ್ನು ಬಿಡಿ. ರೆಕ್ಕೆಯ ಹೊರ ಆಕಾರ, ಅಡ್ಡಕೊಯ್ತ, ಡೈಹೆಡ್ರಲ್ ಕೋನ (ರೆಕ್ಕೆಗಳು ತುದಿಯ ಕಡೆ ಮೇಲೆತ್ತಿರುವ ಕೋನ), ಬಾಲದ ಅಳತೆ, ಸ್ಪಾಯ್ಲರ್‌ನ ಜಾಗ ನಕ್ಷೆಯಂತೆಯೇ ಇರಲಿ. ರೇಡಿಯೊ, ಸರ್ವೋ, ಬ್ಯಾಟರಿ, ಬಣ್ಣ ಅವರವರ ಇಷ್ಟ. ಸಿಜಿ (ತೂಕದ ಕೇಂದ್ರ) ಕೂಡ ಅವರವರಿಗೆ ಬಿಟ್ಟದ್ದು. ಅದನ್ನು ಹಿಂದೆ ಮುಂದೆ ಮಾಡಿ ಟ್ರಿಮ್ (ತಾನಾಗಿ ನೆಟ್ಟಗೆ ಹಾರುವ ಸಮತೋಲ) ಕಂಡುಕೊಳ್ಳುವುದು ಹಾರಿಸುವ ಕಲೆಯ ಭಾಗ.

ಅಡ್ಡಕೊಯ್ತದ ಬಗ್ಗೆ ಒತ್ತಿ ಹೇಳಬೇಕು. ನಮ್ಮ ಗ್ಲೈಡರ್ ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಹಾರುವಾಗ ರೆನಾಲ್ಡ್ಸ್ ಸಂಖ್ಯೆ (ವೇಗ, ರೆಕ್ಕೆಯ ಅಗಲ, ಗಾಳಿಯ ಅಂಟುತನ ಸೇರಿಸಿ ಲೆಕ್ಕ ಹಾಕುವ ಅಂಕಿ) 50,000–60,000ದ ಆಸುಪಾಸು. ದೊಡ್ಡ ಗ್ಲೈಡರ್‌ಗಳಲ್ಲಿ ಅದು ಹತ್ತು ಲಕ್ಷ ದಾಟುತ್ತದೆ. ಇಷ್ಟು ಕೆಳಮಟ್ಟದಲ್ಲಿ ರೆಕ್ಕೆಯ ಮುಂಚೂಣಿ ಅಂಚು ತುಸು ಮೊಂಡಾದರೂ ಗಾಳಿ ಮೇಲ್ಮೈಯಿಂದ ಬೇಗ ಬಿಟ್ಟುಕೊಳ್ಳುತ್ತದೆ. ಮರಳುಕಾಗದ ಹಿಡಿದ ಕೈ ಇಲ್ಲಿ ವಿನ್ಯಾಸಕಾರನಷ್ಟೇ ಪ್ರಭಾವ ಬೀರುತ್ತದೆ. ಆದ್ದರಿಂದ ಕಿಟ್ ಜೊತೆಗೆ ಅಂಚಿನ ಆಕಾರದ ಅಚ್ಚು ಕೊಡಬೇಕು, ಕಟ್ಟುವಾಗಲೂ ಅದೇ, ಸ್ಪರ್ಧೆಯ ಬೆಳಿಗ್ಗೆ ತಪಾಸಣೆಗೂ ಅದೇ.

ನಾನು ಹುಷಾರಾಗಿ ಕಟ್ಟಿ 380 ಗ್ರಾಂಗೆ ತಂದಿದೀನಿ. ಅದಕ್ಕೂ ಸೀಸ ಕಟ್ಟಬೇಕಾ?

ಕಟ್ಟಬೇಕು. ಕನಿಷ್ಠ ತೂಕ 450 ಗ್ರಾಂ ಎಂದಿಟ್ಟರೆ ಎಲ್ಲರಿಗೂ ಅದೇ. ತೂಕ 450ರಿಂದ 380ಕ್ಕೆ ಇಳಿದಾಗ ಇಳಿಯುವ ವೇಗ ಶೇ 8ರಷ್ಟು ಕಡಿಮೆಯಾಗುತ್ತದೆ. 80 ಮೀಟರ್‌ನಿಂದ ಬರೀ ತೇಲಿಕೊಂಡು ಬಂದರೂ ಹದಿನೈದು ಸೆಕೆಂಡಿನಷ್ಟು ಹೆಚ್ಚು ಸಮಯ ಸಿಗುತ್ತದೆ. ತಣ್ಣನೆಯ ಬೆಳಗಿನ ಸುತ್ತಿನಲ್ಲಿ ಅಷ್ಟು ಸಾಕು ಗೆಲ್ಲಲು. ಆ ಬಾಗಿಲು ತೆರೆದಿಟ್ಟರೆ ಮುಂದಿನ ವರ್ಷ ಹಗುರ ಬಾಲ್ಸಾಕ್ಕೆ ದುಪ್ಪಟ್ಟು ಹಣ ಸುರಿಯುವವರೇ ಮುಂದೆ ಇರುತ್ತಾರೆ.

ನಿಮ್ಮ ಕೈಕೆಲಸ ವ್ಯರ್ಥವಾಗುವುದಿಲ್ಲ. ರೆಕ್ಕೆತುದಿ, ಬಾಲ ಹಗುರವಾಗಿದ್ದು ಸೀಸ ನಡುವೆ ಇದ್ದರೆ ಗ್ಲೈಡರ್ ಚುರುಕಾಗಿ ತಿರುಗುತ್ತದೆ. ಜೋರು ಗಾಳಿಯ ದಿನ ಎಲ್ಲರೂ ತೂಕ ಸೇರಿಸಿಕೊಳ್ಳಲು ಅವಕಾಶವಿರಲಿ. ಗರಿಷ್ಠ ಮಿತಿಯನ್ನೂ ಬರೆದಿಡಬೇಕು.

ಕಿಟ್ ಒಬ್ಬರೇ ಕತ್ತರಿಸಿ ಮಾರಿದ್ರೆ ಅವರು ಹೇಳಿದ್ದೇ ರೇಟು ಆಗಲ್ವಾ?

ಕಡತಗಳು ವರ್ಗದ ಹೆಸರಿನಲ್ಲಿ ಎಲ್ಲರಿಗೂ ಸಿಗುವಂತಿರಬೇಕು. ಲೇಸರ್ ಕಟಿಂಗ್ ಈಗ ಜಿಲ್ಲಾ ಕೇಂದ್ರಗಳಲ್ಲೇ ಆಗುತ್ತದೆ. ಯಾರು ಬೇಕಾದರೂ ಕತ್ತರಿಸಲಿ, ಕೈಯಿಂದಲೇ ಕೊರೆದುಕೊಳ್ಳುವವರು ಕೊರೆದುಕೊಳ್ಳಲಿ. ತಪಾಸಣೆಯಲ್ಲಿ ಅಳತೆ ಸರಿ ಬಂದರೆ ಸಾಕು.

ಒಳ್ಳೆ ಸುಧಾರಣೆ ಹೊಳೆದ್ರೆ ನಿಯಮ ಬದಲಿಸೋದು ಯಾವಾಗ?

ನಾಲ್ಕು ವರ್ಷ ಮುಟ್ಟಬೇಡಿ. ಸುರಕ್ಷತೆಯ ವಿಷಯ ಮಾತ್ರ ತಕ್ಷಣ. ಈ ವರ್ಷ ಕಟ್ಟಿದವರ ಗ್ಲೈಡರ್ ಬರುವ ವರ್ಷ ಹಳತಾಗುತ್ತದೆ ಎಂಬ ಅನುಮಾನ ಬಂದರೆ ಹೊಸಬರು ಕಟ್ಟುವುದೇ ಇಲ್ಲ.

## ಮೈದಾನ, ಕಾಲ, ಕಾನೂನು

ಮುಳ್ಳಯ್ಯನಗಿರಿ ಮೇಲೆ ಇಟ್ರೆ ಹೇಗೆ? ಅಲ್ಲಿ ಗಾಳಿ ಸಿಕ್ಕಾಪಟ್ಟೆ ಇರುತ್ತಲ್ಲ.

ಗಿರಿಯ ಗಾಳಿ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿ. ಅದರಲ್ಲಿ ಹಾರುವುದು ಬೇರೆಯೇ ಆಟ, ಅದಕ್ಕೆ ಭಾರವಾದ, ಏಲೆರಾನ್ (ರೆಕ್ಕೆಯನ್ನು ಪಕ್ಕಕ್ಕೆ ಓರೆ ಮಾಡುವ ಫಲಕ) ಇರುವ, ಪೆಟ್ಟು ತಡೆಯುವ ಗ್ಲೈಡರ್ ಬೇಕು. 450 ಗ್ರಾಂನ ಮರದ ಗ್ಲೈಡರ್ ಅಲ್ಲಿ ಹಿಂದಕ್ಕೆ ತಳ್ಳಿಸಿಕೊಂಡು ಬೆಟ್ಟದ ಹಿಂಬದಿಯ ಸುಳಿಗೆ ಬೀಳುತ್ತದೆ. ಇಳಿಸಲು ಹುಲ್ಲು, ಬಂಡೆ, ಪ್ರವಾಸಿಗರ ಜನಸಂದಣಿ. ಕಾಡಿನ ಗಡಿಯೊಳಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಏನನ್ನೂ ಹಾರಿಸಬಾರದು. ನಮ್ಮ ವರ್ಗ ಬಯಲುಸೀಮೆಯ ಅಂಚಿನದು, ಅಲ್ಲೇ ಇರಲಿ.

ಯಾವ ತಿಂಗಳು ಒಳ್ಳೇದು?

ಡಿಸೆಂಬರ್ ಕೊನೆಗೆ ರಾಗಿ ಹೊಲಗಳು ಖಾಲಿಯಾಗುತ್ತವೆ, ಆಗ ಅಭ್ಯಾಸ ಶುರು ಮಾಡಬಹುದು. ಥರ್ಮಲ್ ಗಟ್ಟಿಯಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಸ್ಪರ್ಧೆಗೆ ನನ್ನ ಆಯ್ಕೆ ಫೆಬ್ರವರಿಯ ಉತ್ತರಾರ್ಧ. ಮಾರ್ಚ್‌ನಿಂದ ಕಾಫಿ ತೋಟದವರು ಹೂಮಳೆಗೆ ಮುಗಿಲು ನೋಡುತ್ತಾ ಕೂತಿರುತ್ತಾರೆ, ಮನಸ್ಸು ಇಲ್ಲಿರುವುದಿಲ್ಲ. ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಮಧ್ಯಾಹ್ನದ ಮೋಡಗಳು ಗುಡುಗು ಕಟ್ಟಲು ಶುರುವಾಗುತ್ತವೆ. ಆ ಮೋಡದ ಕೆಳಗಿನ ಏರುಗಾಳಿ ಗ್ಲೈಡರ್ ಅನ್ನು ಕಣ್ಣಿಗೆ ಕಾಣದಂತೆ ಹೀರಿಕೊಳ್ಳಬಲ್ಲದು, ಸಿಡಿಲಿನ ಅಪಾಯ ಬೇರೆ. ಏಪ್ರಿಲ್ ನಂತರ ಹಾರಿಸುವುದಾದರೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಮುಗಿಸಿ.

ಪೊಲೀಸ್ ಪರ್ಮಿಷನ್, ಡ್ರೋನ್ ಲೈಸೆನ್ಸ್ ಎಲ್ಲ ಬೇಕಾ?

ದೂರದಿಂದ ನಿಯಂತ್ರಿಸುವ ಎಲ್ಲ ಹಾರುವ ಯಂತ್ರಗಳಂತೆ ಗ್ಲೈಡರ್ ಕೂಡ 2021ರ ಡ್ರೋನ್ ನಿಯಮಗಳ ಕೆಳಗೆ ಬರುತ್ತದೆ. 250 ಗ್ರಾಂ ಮೀರಿ 2 ಕೆ.ಜಿ.ವರೆಗಿನದು ಮೈಕ್ರೊ ವರ್ಗ. ವಾಣಿಜ್ಯ ಉದ್ದೇಶವಿಲ್ಲದೆ ಅದನ್ನು ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಮನರಂಜನೆ, ಶಿಕ್ಷಣಕ್ಕಾಗಿ ಕಣ್ಣಳತೆಯೊಳಗೆ ಹಾರಿಸುವ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್ (ಮಾದರಿಗೆ ಕೊಡುವ ಸರ್ಕಾರಿ ಪ್ರಮಾಣಪತ್ರ) ಕೂಡ ಬೇಡ. ನೋಂದಣಿಯ ನಿಯಮವನ್ನು ಸ್ಪರ್ಧೆಗೆ ಮುನ್ನ ಸರ್ಕಾರಿ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಮೈದಾನ ಆರಿಸುವ ಮೊದಲ ಕೆಲಸ ಡ್ರೋನ್ ಹಾರಿಸಬಹುದಾದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆಯುವುದು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ಕೆಂಪು, ಹಳದಿ ವಲಯಗಳಿಗೆ ಅನುಮತಿ ಬೇಕು. ಹಾಸನದಲ್ಲಿ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಭೂವನಹಳ್ಳಿಯ ವಿಮಾನ ನಿಲ್ದಾಣದ ಜಾಗ ಇದೆ. ಅವುಗಳ ಹತ್ತಿರ ಹಾರಿಸುವ ಯೋಚನೆಯೇ ಬೇಡ. ಥರ್ಮಲ್ ಹಿಡಿದಾಗ 120 ಮೀಟರ್ ಗೊತ್ತಾಗದೆ ದಾಟಿಬಿಡುತ್ತದೆ. ಎತ್ತರ ತಿಳಿಸುವ ಸಣ್ಣ ಸೆನ್ಸರ್ ಇಟ್ಟು, ಮಿತಿಗೆ ಮುಂಚೆಯೇ ಕೂಗುವಂತೆ ಮಾಡಿ. ಸ್ಪಾಯ್ಲರ್ ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೂ ಸೇರಿ. ಅದನ್ನು ಎತ್ತಿದರೆ ಜೋರು ಥರ್ಮಲ್‌ನಿಂದಲೂ ಕೆಳಗೆ ಬರಬಹುದು. ಠಾಣೆಗೆ, ಗ್ರಾಮ ಪಂಚಾಯಿತಿಗೆ ಮೊದಲೇ ಒಂದು ಪತ್ರ ಕೊಟ್ಟಿಟ್ಟರೆ ಆ ದಿನ ನೆಮ್ಮದಿ.

ಕೂತು ಹಾರಿಸೋ ದೊಡ್ಡ ಗ್ಲೈಡರಿಗೇ ನಮ್ಮ ದೇಶದಲ್ಲಿ ಒಂದು ವರ್ಗ ಮಾಡಬಾರದಾ?

ಅದಕ್ಕೆ ಬೇಕಾದ ವಿನ್ಯಾಸ ಪರಂಪರೆ ನಮ್ಮಲ್ಲಿ ಇತ್ತು. ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಅಶ್ವಿನಿ, ರೋಹಿಣಿ, ಕಾರ್ತಿಕ್ ಮೊದಲಾದ ಗ್ಲೈಡರ್‌ಗಳು ರೂಪುಗೊಂಡವು. ಆಮೇಲೆ ಎಚ್‌ಎಎಲ್ ಆರ್ದ್ರಾ ಎಂಬ ಇಬ್ಬರು ಕೂರುವ ಗ್ಲೈಡರ್ ಕಟ್ಟಿತು. ಇವುಗಳಲ್ಲಿ 1960ರ ದಶಕದ ಕಾರ್ತಿಕ್ ಒಬ್ಬರೇ ಕೂರುವ, 15 ಮೀಟರ್ ರೆಕ್ಕೆಯ ಯಂತ್ರ. ಒಂದೇ ಮಾದರಿ ವರ್ಗಕ್ಕೆ ಹೇಳಿ ಮಾಡಿಸಿದಂತಿತ್ತು. ಈಗ ಕೊರತೆ ಇರುವುದು ಕ್ಲಬ್‌ಗಳದು, ಏರೋಡ್ರೋಮ್‌ಗಳದು, ವಿಂಚ್ (ಗ್ಲೈಡರ್ ಅನ್ನು ಹಗ್ಗದಿಂದ ಎಳೆದು ಮೇಲೇರಿಸುವ ಯಂತ್ರ) ನಡೆಸುವವರದು. ಎರಡು ಮೀಟರ್‌ನ ಮರದ ಗ್ಲೈಡರ್‌ನಲ್ಲಿ ಥರ್ಮಲ್ ಹಿಡಿಯಲು ಕಲಿತ ಹುಡುಗಿ ಅಥವಾ ಹುಡುಗ ದೊಡ್ಡ ಗ್ಲೈಡರ್‌ನಲ್ಲಿ ಕೂತಾಗ ಗಾಳಿಯ ಪಾಠವನ್ನು ಹೊಸದಾಗಿ ಕಲಿಯಬೇಕಿಲ್ಲ. ಅಂಥವರನ್ನು ಹುಟ್ಟಿಸುವ ಕೆಲಸ ನಮ್ಮಿಂದ ಆಗುವಂಥದ್ದು.

ಗ್ಲೈಡರ್ ಸಿಲ್ವರ್ ಓಕ್ ಮರದ ತುದೀಲಿ ಸಿಕ್ಕಿಕೊಂಡ್ರೆ?

ತೋಟದವರನ್ನು ಕೇಳದೆ ಒಳಗೆ ಹೋಗಬೇಡಿ. ಮೆಣಸಿನ ಬಳ್ಳಿ ಹಬ್ಬಿಸಿದ ಮರವನ್ನು ಅಲ್ಲಾಡಿಸಿದರೆ ಅವರ ಫಸಲು ಉದುರುತ್ತದೆ. ಮೆಣಸು ಬಿಡಿಸುವವರ ಏಣಿ ಎತ್ತರಕ್ಕೆ ಎಟಕುತ್ತದೆ, ಕೂಲಿ ಕೊಟ್ಟು ಅವರಿಂದಲೇ ಇಳಿಸಿಕೊಳ್ಳಿ. ಅಲ್ಯೂಮಿನಿಯಂ ಏಣಿ, ಗಳು ಹಿಡಿಯುವ ಮುನ್ನ ಸುತ್ತ ವಿದ್ಯುತ್ ತಂತಿ ಇದೆಯೇ ನೋಡಿ. ಗ್ಲೈಡರ್ ತಂತಿಯ ಮೇಲೆಯೇ ಬಿದ್ದಿದ್ದರೆ ಅದನ್ನು ಮುಟ್ಟದೆ ಲೈನ್‌ಮನ್‌ಗೆ ಫೋನ್ ಮಾಡಿ. ರೆಕ್ಕೆಯ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ಬರೆದಿರಿ.